ಡಿ2 ಸೆಲ್‌ ಲೈನ್‌: ಡೋಪಮೈನ್‌ ಹೆಚ್ಚಿಸಿದರೆ ಕರ್ವ್‌ ಮೇಲಕ್ಕೆ ತಿರುಗುತ್ತಿದೆ, ಏಕೆ?

ಪ್ರಶ್ನೆ: ಹೆಕ್‌293ಟಿ (ಮನುಷ್ಯರ ಮೂತ್ರಪಿಂಡ ಮೂಲದ) ಕೋಶಗಳಿಗೆ ಮನುಷ್ಯರ ಡಿ2 ಲಾಂಗ್‌ ಗ್ರಾಹಕದ (ಡೋಪಮೈನ್‌ ಹಿಡಿಯುವ ಪ್ರೋಟೀನ್‌) ಜೀನ್‌ ಹಾಕಿ, ಜಿ418 (ನಿರೋಧಕ ಜೀನ್‌ ಇಲ್ಲದ ಕೋಶಗಳನ್ನು ಕೊಲ್ಲುವ ಆಂಟಿಬಯೋಟಿಕ್‌) ಕೊಟ್ಟು ಸ್ಟೇಬಲ್‌ ಲೈನ್‌ (ಹಾಕಿದ ಜೀನ್‌ ಉಳಿದುಕೊಳ್ಳುವ ಕೋಶಗಳು) ಮಾಡಿದ್ದೇವೆ. ಸೆಲೆಕ್ಷನ್‌ನಲ್ಲಿ ಕೋಶಗಳು ಸಾಯಲೇ ಇಲ್ಲ. ಸೈಕ್ಲಿಕ್‌ ಎಎಂಪಿ (ಕೋಶದೊಳಗೆ ಸಂದೇಶ ಒಯ್ಯುವ ಅಣು) ಏರಿಸಲು 10 ಮೈಕ್ರೋಮೋಲಾರ್‌ ಫೋರ್‌ಸ್ಕೋಲಿನ್‌ ಇಟ್ಟು ಅಳೆದರೆ ಡೋಪಮೈನ್‌ಗೆ ಅದು ಸ್ವಲ್ಪವೇ ಇಳಿಯುತ್ತದೆ, ಡೋಪಮೈನ್‌ 10 ಮೈಕ್ರೋಮೋಲಾರ್‌ ದಾಟಿದರೆ ಮತ್ತೆ ಏರುತ್ತದೆ. ಎಲ್ಲಿ ತಪ್ಪಿದ್ದೇವೆ ಸರ್‌?

ಉತ್ತರ: ಹೆಸರಿನ ಕೊನೆಯ ‘ಟಿ’ಯಲ್ಲೇ ಅರ್ಧ ಉತ್ತರ ಇದೆ. ಆ ಕೋಶಗಳಿಗೆ ಎಸ್‌ವಿ40 ವೈರಸ್ಸಿನ ಲಾರ್ಜ್‌ ಟಿ ಆಂಟಿಜೆನ್‌ ಸೇರಿಸಿದಾಗಲೇ ನಿಯೊಮೈಸಿನ್‌ ನಿರೋಧಕ ಜೀನೂ ಜೊತೆಗೆ ಬಂದಿದೆ. ಜಿ418ಗೆ ಅವು ಜಗ್ಗುವುದಿಲ್ಲ. ನಿಮ್ಮ ಫ್ಲಾಸ್ಕ್‌ನಲ್ಲಿರುವುದು ಗ್ರಾಹಕ ಇರುವ, ಇಲ್ಲದ ಕೋಶಗಳ ಕಲಬೆರಕೆ. ಗ್ರಾಹಕ ಇಲ್ಲದವೂ ಫೋರ್‌ಸ್ಕೋಲಿನ್‌ಗೆ ಸೈಕ್ಲಿಕ್‌ ಎಎಂಪಿ ತಯಾರಿಸುತ್ತವೆ, ಆದರೆ ಡೋಪಮೈನ್‌ಗೆ ಇಳಿಸುವುದಿಲ್ಲ. ಅದಕ್ಕೇ ಇಳಿತ ಇಷ್ಟು ಕಡಿಮೆ. ಜೀನ್‌ ಒಯ್ಯುವ ಪ್ಲಾಸ್ಮಿಡ್‌ ಬದಲಿಸಿ ಪ್ಯೂರೊಮೈಸಿನ್‌ ಎಂಬ ಇನ್ನೊಂದು ಆಂಟಿಬಯೋಟಿಕ್‌ಗೆ ಹೋಗಿ (ಮಿಲಿಲೀಟರಿಗೆ 1–2 ಮೈಕ್ರೋಗ್ರಾಂ, ಮೊದಲು ಕಿಲ್‌ ಕರ್ವ್‌, ಅಂದರೆ ಎಷ್ಟಕ್ಕೆ ಕೋಶಗಳು ಸಾಯುತ್ತವೆಂಬ ಪರೀಕ್ಷೆ, ಮಾಡಿ), ಇಲ್ಲವೇ ಅದೇ ಪ್ಲಾಸ್ಮಿಡ್ಡನ್ನು ಚೋ-ಕೆ1 (ಹ್ಯಾಮ್‌ಸ್ಟರ್‌ ಅಂಡಾಶಯ ಮೂಲದ) ಕೋಶಕ್ಕೆ ಹಾಕಿ.

ನನ್ನ ಮತ ಚೋ ಕಡೆಗೆ. ಹೆಕ್‌ ಕೋಶಗಳಲ್ಲಿ ಹುಟ್ಟಿನಿಂದಲೇ ಬೀಟಾ-2 ಅಡ್ರಿನರ್ಜಿಕ್‌ (ಅಡ್ರಿನಲಿನ್‌ ಹಿಡಿಯುವ) ಗ್ರಾಹಕಗಳಿವೆ. ಡೋಪಮೈನ್‌ ಪ್ರಮಾಣ ಏರಿದಾಗ ಅವನ್ನೂ ತಟ್ಟುತ್ತದೆ, ಅವು ಸೈಕ್ಲಿಕ್‌ ಎಎಂಪಿಯನ್ನು ಏರಿಸುತ್ತವೆ. ಕರ್ವ್‌ ತಿರುಗುವುದಕ್ಕೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಜೀನ್‌ ಹಾಕದ ಕೋಶಗಳ ಮೇಲೆ ಅದೇ ಡೋಪಮೈನ್‌ ಸಾಲು ಓಡಿಸಿ, ಪಕ್ಕದಲ್ಲಿ ಬೀಟಾ ಗ್ರಾಹಕಗಳನ್ನು ತಡೆಯುವ ಪ್ರೊಪ್ರನೊಲಾಲ್‌ 1 ಮೈಕ್ರೋಮೋಲಾರ್‌ ಇರುವ ಸಾಲೊಂದು ಇಡಿ. ಅಲ್ಲಿ ಏರಿಕೆ ನಿಂತರೆ ಕಳ್ಳ ಸಿಕ್ಕಿದ. ಡೋಪಮೈನ್‌ ದ್ರಾವಣವನ್ನು ಅಂದಂದೇ, ಆಸ್ಕಾರ್ಬಿಕ್‌ ಆಮ್ಲ ಸೇರಿಸಿ ಮಾಡಿಕೊಳ್ಳಿ. ಬಣ್ಣ ತಿರುಗಿದ್ದರೆ ಚೆಲ್ಲಿ.

ಇನ್ನು ಫೋರ್‌ಸ್ಕೋಲಿನ್‌ (ನಮ್ಮ ಮಾಕಂದಿ ಬೇರಿನದೇ ಸರಕು). ಡಿ1 ಎಂಬ ಇನ್ನೊಂದು ಡೋಪಮೈನ್‌ ಗ್ರಾಹಕ ತಾನಾಗಿಯೇ ಸೈಕ್ಲಿಕ್‌ ಎಎಂಪಿ ಏರಿಸುತ್ತದೆ, ಡಿ2 ಇಳಿಸುತ್ತದೆ. ಬಾವಿಯಲ್ಲಿ ನೀರಿದ್ದರಲ್ಲವೇ ಇಳಿದದ್ದು ಕಾಣುವುದು? ಆದರೆ ತುಳುಕುವಷ್ಟು ತುಂಬಿಸಿದರೆ ಡಿ2 ಎಳೆದದ್ದು ಗೊತ್ತೇ ಆಗುವುದಿಲ್ಲ. 10 ಎಂದು ಕಣ್ಣುಮುಚ್ಚಿ ಹಾಕಬೇಡಿ. ಪ್ರತಿ ಹೊಸ ಕ್ಲೋನಿಗೂ (ಒಂದೇ ಕೋಶದಿಂದ ಬೆಳೆಸಿದ ಕೋಶಗಳು) 10 ನ್ಯಾನೊಮೋಲಾರ್‌ನಿಂದ 100 ಮೈಕ್ರೋಮೋಲಾರ್‌ವರೆಗೆ ಕರ್ವ್‌ ತೆಗೆದು, ಗರಿಷ್ಠದ 70–80% ಕೊಡುವ ಪ್ರಮಾಣ ಹಿಡಿಯಿರಿ. ಸೈಕ್ಲಿಕ್‌ ಎಎಂಪಿ ಒಡೆಯುವ ಕಿಣ್ವವನ್ನು ತಡೆಯಲು 500 ಮೈಕ್ರೋಮೋಲಾರ್‌ ಐಬಿಎಂಎಕ್ಸ್‌ ಇರಲಿ, ಇಲ್ಲದಿದ್ದರೆ ಆದದ್ದು ಆದಂತೆ ಒಡೆದುಹೋಗುತ್ತದೆ. 384 ಬಾವಿಯ ಪ್ಲೇಟಿನಲ್ಲಿ 1000, 2000, 4000, 8000 ಕೋಶ ಹಾಕಿ ನೋಡಿ, ಅಳತೆ ಸ್ಟ್ಯಾಂಡರ್ಡ್‌ ಕರ್ವಿನ (ಗೊತ್ತಿರುವ ಪ್ರಮಾಣಗಳಿಂದ ಎಳೆದದ್ದು) ಇಳಿಜಾರಿನ ಮೇಲೆ ಬೀಳುವ ಸಂಖ್ಯೆಯನ್ನೇ ಆರಿಸಿ.

ಮರುಪ್ರಶ್ನೆ: ಚೋನಲ್ಲಿ ಇನ್ನೊಂದು ಕ್ಲೋನ್‌ ಇದೆ, ತುಂಬ ಚೆನ್ನಾಗಿ ಉರಿಯುತ್ತದೆ, ಅಂದರೆ ಸಿಗ್ನಲ್‌ ಜೋರು. ಅದರಲ್ಲಿ ಅರಿಪಿಪ್ರಜೋಲ್‌ ಎಂಬ ಔಷಧ ಡೋಪಮೈನ್‌ನಷ್ಟೇ ಇಳಿಸುತ್ತದೆ. ಅದು ಪಾರ್ಶಿಯಲ್‌ ಅಗೊನಿಸ್ಟ್‌ (ಗ್ರಾಹಕವನ್ನು ಅರೆಬರೆ ಮಾತ್ರ ಚಾಲೂ ಮಾಡುವಂಥದ್ದು) ಅಲ್ಲವೇ?

ಉತ್ತರ (ಬೈಂಡಿಂಗ್‌, ಅಂದರೆ ಗ್ರಾಹಕಕ್ಕೆ ಅಂಟುವುದನ್ನು ಅಳೆಯುವ ಕೆಲಸ ಮಾಡುವ ಇನ್ನೊಬ್ಬರು): ಹೌದು, ಪಾರ್ಶಿಯಲ್ಲೇ. ‘ಚೆನ್ನಾಗಿ ಉರಿಯುವುದೇ’ ಇಲ್ಲಿ ಕೇಡು. ಗ್ರಾಹಕ ಲೆಕ್ಕಕ್ಕಿಂತ ಹೆಚ್ಚಿದ್ದರೆ ಅರೆಬರೆ ಕೆಲಸಗಾರನೂ ಪೂರ್ತಿ ಕೆಲಸ ಮುಗಿಸಿದಂತೆ ಕಾಣುತ್ತಾನೆ. ಇಇಡಿಕ್ಯೂ ಎಂಬ ಬಿಡದ ಅಂಟು ಇದೆ, ಗ್ರಾಹಕಕ್ಕೆ ಕಚ್ಚಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. 0.1, 1, 10 ಮೈಕ್ರೋಮೋಲಾರ್‌ನಲ್ಲಿ 30 ನಿಮಿಷ ಇಟ್ಟು, ಮೂರು ಸಲ ತೊಳೆದು, ಮತ್ತೆ ಅಳೆಯಿರಿ. ಗ್ರಾಹಕ ಕಡಿಮೆಯಾದಂತೆ ಡೋಪಮೈನ್‌ ಕರ್ವ್‌ ಮೊದಲು ಬಲಕ್ಕೆ ಸರಿಯುತ್ತದೆ, ಅರಿಪಿಪ್ರಜೋಲ್‌ನ ಮೇಲ್ಮಟ್ಟವೇ ಕುಸಿಯುತ್ತದೆ. ಕ್ಲೋನ್‌ ಆರಿಸುವಾಗ ಅತಿ ಹೆಚ್ಚು ಗ್ರಾಹಕದ್ದನ್ನು ಬಿಟ್ಟು ನಡುವಿನದನ್ನು ಇಟ್ಟುಕೊಳ್ಳಿ.

ಗ್ರಾಹಕ ಎಷ್ಟಿದೆ ಎಂದು ಟ್ರಿಟಿಯಂ ಸ್ಪಿಪೆರೋನ್‌ನಿಂದ (ಡಿ2ಗೆ ಅಂಟುವ, ವಿಕಿರಣ ಗುರುತು ಹಾಕಿದ ಔಷಧ) ಎಣಿಸುವಾಗ ಒಂದು ಲೆಕ್ಕ ಮೊದಲೇ ಮಾಡಿ. 200 ಮೈಕ್ರೋಲೀಟರಿನಲ್ಲಿ 0.1 ನ್ಯಾನೊಮೋಲಾರ್‌ ಎಂದರೆ ಒಟ್ಟು 20 ಫೆಮ್ಟೊಮೋಲ್‌. ಮಿಲಿಗ್ರಾಂ ಪ್ರೋಟೀನಿಗೆ 1 ಪಿಕೊಮೋಲ್‌ ಗ್ರಾಹಕ ಇರುವ ಮೆಂಬ್ರೇನ್‌ (ಕೋಶಪೊರೆ) 20 ಮೈಕ್ರೋಗ್ರಾಂ ಹಾಕಿದರೆ ಗ್ರಾಹಕವೂ 20 ಫೆಮ್ಟೊಮೋಲ್‌! ನೀರಿನಲ್ಲಿ ಉಳಿಯುವ ಸ್ಪಿಪೆರೋನ್‌ ನೀವು ಬರೆದುಕೊಂಡದ್ದಕ್ಕಿಂತ ಬಹಳ ಕಡಿಮೆ, ಕೆಡಿ (ಅರ್ಧ ಗ್ರಾಹಕಗಳು ತುಂಬುವ ಪ್ರಮಾಣ) ಸುಳ್ಳೇ ಹೆಚ್ಚು ಬರುತ್ತದೆ. 1 ಮಿಲಿಲೀಟರಿಗೆ ಏರಿಸಿ, ಮೆಂಬ್ರೇನ್‌ 5 ಮೈಕ್ರೋಗ್ರಾಂಗೆ ಇಳಿಸಿ: 100 ಫೆಮ್ಟೊಮೋಲ್‌ ಸ್ಪಿಪೆರೋನ್‌ಗೆ 5 ಫೆಮ್ಟೊಮೋಲ್‌ ಗ್ರಾಹಕ, ಸಾಕು. ಅಡ್ಡ ಅಂಟು (ಗ್ರಾಹಕವಲ್ಲದ ಕಡೆ ಅಂಟುವುದು) ಎಷ್ಟೆಂದು ತಿಳಿಯಲು, ಡಿ2 ತಡೆಯುವ ಬ್ಯೂಟಾಕ್ಲಮೋಲ್‌ನ ಪ್ಲಸ್‌ ಐಸೋಮರ್‌ 1 ಮೈಕ್ರೋಮೋಲಾರ್‌ ಇಡಿ. ಕಡಿಮೆ ಪ್ರಮಾಣದ ಟ್ಯೂಬುಗಳು ಸಮತೋಲಕ್ಕೆ ಬರಲು ಗಂಟೆಗಳೇ ಬೇಕು, ಅವಸರ ಮಾಡಬೇಡಿ.

ಮೊದಲ ಉತ್ತರದವರು: ಕ್ಲೋನ್‌ ಖಚಿತವಾದ ವಾರವೇ ಮೈಕೊಪ್ಲಾಸ್ಮಾ (ಕೋಶಗಳಿಗೆ ಸೇರಿಕೊಳ್ಳುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ, 10% ಡಿಎಂಎಸ್‌ಒ ಹಾಕಿ ವಯಲ್‌ಗೆ 20 ಲಕ್ಷ ಕೋಶದಂತೆ 30 ವಯಲ್‌ ಫ್ರೀಜ್‌ ಮಾಡಿ. ಐದು ಪ್ಯಾಸೇಜಿಗೊಮ್ಮೆ (ಪ್ಯಾಸೇಜ್‌ ಎಂದರೆ ಕೋಶಗಳನ್ನು ಹೊಸ ಫ್ಲಾಸ್ಕ್‌ಗೆ ಹಂಚುವುದು) ಡೋಪಮೈನ್‌ ಕರ್ವ್‌ ತೆಗೆದು ಮೊದಲಿನದರ ಮೇಲೆ ಇಟ್ಟು ನೋಡಿ. ಸರಿದಿದ್ದರೆ ಹೊಸ ವಯಲ್‌ ತೆಗೆಯಿರಿ.