ಸಿನಗಾಗ್‌ಗೆ ಮರದ ಕೆಲಸ, ಎಲ್ಲಿಂದ ಶುರು ಮಾಡೋದು?

ಉಳಿಸುತ್ತಿಗೆ: ಒಂದು ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಟೋರಾ (ಅವರ ಧರ್ಮಗ್ರಂಥದ ಸುರುಳಿ) ಇಡೋ ಕಪಾಟು, ಓದೋ ಮೇಜು ಎರಡೂ ಡಿಸೈನ್ ಮಾಡ್ಬೇಕು. ಒಳ್ಳೆ ಮರದಲ್ಲಿ ದೊಡ್ಡ ಬೀರು ಥರ ಮಾಡಿದ್ರೆ ಸಾಕಾ? ಅಕೇಶಿಯ ಮರಾನೇ ಬೇಕಾ?

ಗರಗಸ: ಬೀರು ಅಂದ್ಕೋಬೇಡಿ ಮಾರಾಯ್ರೇ, ಇಡೀ ಹಾಲ್‌ನ ಕಣ್ಣೆಲ್ಲ ಅದ್ರ ಮೇಲೇ. ಅರೋನ್ ಕೋಡೆಶ್ ಅಂತಾರೆ, ಸಾಮಾನ್ಯವಾಗಿ ಜೆರುಸಲೇಮ್ ದಿಕ್ಕಿನ ಗೋಡೆಗೆ ಬರುತ್ತೆ. ಮೊದಲು ಅವರ ಹತ್ರ ಇರೋ ಸುರುಳಿಗಳನ್ನೆಲ್ಲ ಅಳತೆ ಮಾಡಿ, ಹಿಡಿಕೆ, ಮೇಲಿನ ಬೆಳ್ಳಿ ಅಲಂಕಾರ ಎಲ್ಲಾ ಸೇರಿಸಿ, ಯಾಕಂದ್ರೆ ಒಂದೊಂದು ಒಂದೊಂದು ಎತ್ತರ ಇರುತ್ತೆ, ನಿಲ್ಲಿಸಿಟ್ಟಾಗ ಜಾರದ ಹಾಗೆ ಹಿಂದೆ ಒರಗೋಕೆ ಆಸರೆನೂ ಬೇಕು. ಕಪಾಟಿನ ಪರದೆ ಬಗ್ಗೆನೂ ಕೇಳಿ, ಅಶ್ಕೆನಾಜಿಗಳಲ್ಲಿ (ಮಧ್ಯ, ಪೂರ್ವ ಯುರೋಪ್ ಮೂಲದ ಯಹೂದಿಗಳು) ಸಾಮಾನ್ಯವಾಗಿ ಬಾಗಿಲ ಹೊರಗೆ, ಸೆಫಾರ್ದಿಗಳಲ್ಲಿ (ಸ್ಪೇನ್, ಪೋರ್ಚುಗಲ್ ಮೂಲದವರು) ಹೆಚ್ಚಾಗಿ ಒಳಗೆ. ಇದನ್ನ ಆಮೇಲೆ ಕೇಳಿದ್ರೆ ಬಾಗಿಲು ಮತ್ತೆ ಬಿಚ್ಬೇಕಾಗುತ್ತೆ.

ತೇಗದತುಂಡು: ಅಕೇಶಿಯ ಕಡ್ಡಾಯ ಅಲ್ಲ. ಬೈಬಲ್‌ನ ವಿಮೋಚನಕಾಂಡದಲ್ಲಿ ಬರೋ 2.5 ಮೊಳ ಉದ್ದದ ಹಳೇ ಮಂಜೂಷಕ್ಕೆ (ಪವಿತ್ರ ಪೆಟ್ಟಿಗೆ) ಆ ಮರ ಹೇಳಿದೆ, ಅಷ್ಟೇ. ಓಕ್, ವಾಲ್‌ನಟ್ ಯಾವ್ದಾದ್ರೂ ನಡೆಯುತ್ತೆ. ಮೇಜು ವಿಷ್ಯಕ್ಕೆ ಬಂದ್ರೆ, ನಿಂತ್ಕೊಂಡೇ ಓದ್ತಾರೆ, ಎತ್ತರ ಅದಕ್ಕೆ ತಕ್ಕಂಗಿರ್ಲಿ. ಸುರುಳಿ ಮಲಗಿಸಿ ಓದೋರಿಗೆ ಇಳಿಜಾರು ಹಲಗೆ ಚೆಂದ, ಗಟ್ಟಿ ಪೆಟ್ಟಿಗೇಲಿ ನೆಟ್ಟಗೆ ನಿಲ್ಲಿಸಿ ಓದೋ ಸಂಪ್ರದಾಯ ಆದ್ರೆ ಸಪಾಟೇ ಬೇಕು. ಕೆತ್ತನೆಗೆ ಮನುಷ್ಯರ ಆಕೃತಿ ಬೇಡ, ದಾಳಿಂಬೆ, ಬಳ್ಳಿ, ಸಿಂಹ ಓಕೆ.

ಉಳಿಸುತ್ತಿಗೆ: ಅಯ್ಯೋ, ನಾನು ಸಪಾಟು ಹಲಗೆ ಡ್ರಾಯಿಂಗ್ ಆಗ್ಲೇ ಮಾಡ್ಬಿಟ್ಟಿದ್ದೆ. ಮೊದ್ಲು ಅಲ್ಲಿನ ಧರ್ಮಗುರು ರಬ್ಬಾಯಿ ಹತ್ರ ಟೇಪ್ ಹಿಡ್ಕೊಂಡು ಹೋಗ್ತೀನಿ.