ಸಹಾಯ ಬೇಕು: ಲಿಯಾನ್‌ನಲ್ಲಿ ಸಸ್ಯಾಹಾರಿ ಊಟ ಎಲ್ಲಿ ಸಿಗುತ್ತದೆ?

ನಮಸ್ಕಾರ. ಡಿಸೆಂಬರ್ 8ರ ಹೊತ್ತಿನ ದೀಪಗಳ ಹಬ್ಬ ನೋಡಲು ನಾವು ಐವರು ಗೆಳತಿಯರು ಫ್ರಾನ್ಸಿನ ಲಿಯಾನ್‌ಗೆ ಹೊರಟಿದ್ದೇವೆ. ಹಳೇ ಊರಿನ ಟ್ರಾಬೂಲ್‌ಗಳನ್ನು, ಅಂದರೆ ಮನೆಗಳ ಒಳಗಿಂದಲೇ ಬೀದಿಯಿಂದ ಬೀದಿಗೆ ದಾಟುವ ಓಣಿಗಳನ್ನು, ನೋಡಲೇಬೇಕು ಅಂತ ಆಸೆ. ಫೂರ್ವಿಯೇರ್ ಗುಡ್ಡ ಹತ್ತಲು ಕೇಬಲ್ ರೈಲಿದೆ.

ಚಿಂತೆ ಊಟದ್ದು. ಅಲ್ಲಿನ ಬುಶೋನ್‌ಗಳಲ್ಲಿ, ಅಂದರೆ ಆ ಊರಿನ ಸಾಂಪ್ರದಾಯಿಕ ಊಟದ ಹೋಟೆಲುಗಳಲ್ಲಿ, ಮಾಂಸದ ಅಡುಗೆಯೇ ಜಾಸ್ತಿ. ನಮ್ಮಲ್ಲಿ ಇಬ್ಬರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಗಟ್ಟಿ ಮೊಸರಿನಂಥ ಹಸಿ ಚೀಸಿಗೆ ಬೆಳ್ಳುಳ್ಳಿ, ಸೊಪ್ಪು ಕಲಸಿದ 'ಸೆರ್ವೆಲ್ ದ ಕಾನ್ಯೂ' ನಡೆಯಬಹುದು. ಆದರೆ ನಾಲ್ಕು ದಿನವೂ ಅದನ್ನೇ ತಿನ್ನೋಕಾಗಲ್ಲ ಅಲ್ವಾ?

ಆ ಇಬ್ಬರನ್ನು ಬಿಟ್ಟು ಉಣ್ಣಲು ನಮಗೆ ಮನಸ್ಸಿಲ್ಲ. ಐವರೂ ಒಂದೇ ಮೇಜಿಗೆ ಕೂರುವಂಥ ಜಾಗ ಗೊತ್ತಿದ್ದರೆ ದಯವಿಟ್ಟು ಹೇಳಿ. ಹಬ್ಬಕ್ಕೆ ಊರು ಕಿಕ್ಕಿರಿದಿರುತ್ತದೆ, ಟೇಬಲ್ ಎಷ್ಟು ಮುಂಚೆ ಬುಕ್ ಮಾಡಬೇಕು?