ಗಜನಿ ಗದ್ದೆಯಲ್ಲಿ ಭತ್ತವೂ ಸಿಗಡಿಯೂ ಹೇಗೆ?

ಪ್ರಶ್ನೆ: ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಅಳಿವೆಯ ಗಜನಿಗಳಿಗೆ, ಅಂದರೆ ದಡದ ತಗ್ಗು ಗದ್ದೆಗಳಿಗೆ, ಉಪ್ಪುನೀರು ನುಗ್ಗುತ್ತದೆ. ಆದರೂ ಅಲ್ಲಿ ಕಗ್ಗ ಎಂಬ ಸ್ಥಳೀಯ ತಳಿಯ ಭತ್ತ ಬೆಳೆಯೋದು ಹೇಗೆ? ಈಗ ಯಾಕೆ ಕಡಿಮೆಯಾಗಿದೆ?

ಉತ್ತರ 1: ಎಲ್ಲ ಇರೋದು ಕಟ್ಟೆಯ ತೂಬಿನಲ್ಲಿ. ಮಳೆಗಾಲದಲ್ಲಿ ಉಬ್ಬರ ಬಂದಾಗ ಹಲಗೆ ಇಳಿಸಿ ಉಪ್ಪುನೀರು ತಡೀಬೇಕು, ಇಳಿತದಲ್ಲಿ ಎತ್ತಿ ಮಳೆನೀರು ಹೊರಗೆ ಬಿಡಬೇಕು. ಹೀಗೆ ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಗೊಬ್ಬರ ಹಾಕೋದಿಲ್ಲ, ನದಿಯ ಹೂಳೇ ಸಾಕು. ಅಕ್ಟೋಬರ್ ಹೊತ್ತಿಗೆ ಕೊಯ್ಲು. ತೆನೆ ಮಾತ್ರ ಕೊಯ್ದು ಉದ್ದನೆಯ ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಉಪ್ಪುನೀರು ಒಳಗೆ ಬಿಟ್ಟರೆ ಹುಲ್ಲು ಕೊಳೆತು ಸಿಗಡಿ, ಮೀನಿಗೆ ಮೇವಾಗುತ್ತದೆ. ಇಳಿತಕ್ಕೆ ತೂಬಿನ ಬಾಯಿಗೆ ಬಲೆ ಕಟ್ಟಿದರಾಯಿತು.

ಉತ್ತರ 2: ಒಂದು ಸೇರಿಸ್ತೇನೆ. ಕಗ್ಗ ಕೆಲವು ದಿನ ಉಪ್ಪುನೀರಲ್ಲಿ ಮುಳುಗಿದರೂ ತಾಳುತ್ತದೆ, ಆದರೆ ಮೊಳಕೆ ಹಂತದಲ್ಲಿ ಕಟ್ಟೆ ಒಡೆದರೆ ಬಿತ್ತಿದ್ದೆಲ್ಲ ಹೋಯಿತು. ಏಡಿ ಕೊರೆದ ತೂತೇ ಮೊದಲ ಶತ್ರು. ಬೆರಳಗಲದ ತೂತು ಒಂದೇ ದೊಡ್ಡ ಉಬ್ಬರಕ್ಕೆ ಕಟ್ಟೆಯನ್ನೇ ಕೊಚ್ಚಿಕೊಂಡು ಹೋಗಬಹುದು. ಅದಕ್ಕೇ ಜೇಡಿಮಣ್ಣು ಮೆತ್ತುವ ಕೆಲಸ ಮಳೆಗೆ ಮುಂಚೆ ಮುಗಿಯಲೇಬೇಕು.

ಉತ್ತರ 3: ಕಡಿಮೆಯಾದದ್ದಕ್ಕೆ ಮುಖ್ಯ ಕಾರಣ, ನನ್ನ ಪ್ರಕಾರ, ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಸಿಗಡಿ ಸಾಕಿದ್ದು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಕೈಕೊಟ್ಟಿತು. ಮಳೆಗೆ ಉಪ್ಪು ತೊಳೆಯದ ಗದ್ದೆಯಲ್ಲಿ ಕಗ್ಗವೂ ಏಳೋದಿಲ್ಲ. ಇನ್ನು, ತೂಬು ಎಲ್ಲರದ್ದು: ಒಬ್ಬ ಬಿತ್ತಿ ಪಕ್ಕದವ ಬಿತ್ತದಿದ್ದರೆ ಹಲಗೆ ಯಾವಾಗ ಇಳಿಸೋದು ಅನ್ನೋದೇ ಜಗಳ.